ಚಿತ್ರ ಓದೋಕೆ ಯಾವ ಕಾಲೇಜು: ಪಾಂಡವಪುರದಿಂದ ಮೈಸೂರಿಗೆ ಒಂದು ಓಡಾಟ

ಅಕ್ಕನ ಮಗಳು ಪುಟ್ಟಿ ಈ ಸಲ ದ್ವಿತೀಯ ಪಿಯುಸಿ ಪಾಸಾದಳು. ಸೈನ್ಸ್ ಓದಿದವಳು, ಅಂಕವೂ ಚೆನ್ನಾಗಿದೆ. ಭಾವನಿಗೆ ಅವಳನ್ನು ಬಿಎಸ್ಸಿ ಅಗ್ರಿಗೆ ಸೇರಿಸುವ ಆಸೆ. ಮಂಡ್ಯದ ವಿ.ಸಿ. ಫಾರಂನ ಕೃಷಿ ಕಾಲೇಜಿನಲ್ಲಿ ಸೀಟು ಸಿಕ್ಕರೆ ಮನೆಯಿಂದಲೇ ಓಡಾಡಬಹುದು ಅನ್ನೋ ಲೆಕ್ಕ. ಅವಳ ಲೆಕ್ಕವೇ ಬೇರೆ. ಕಥೆ ಪುಸ್ತಕಗಳಿಗೆ ಚಿತ್ರ ಬರೀಬೇಕು, ಅದನ್ನೇ ಕಲೀಬೇಕು, ಬೇರೇನೂ ಬೇಡ.

ಪಂಚಾಯ್ತಿ ನನ್ನ ತಲೆಗೆ ಬಂತು. ಮಂಡ್ಯದಲ್ಲಿ ನನ್ನದೊಂದು ಸಣ್ಣ ಪ್ರಿಂಟಿಂಗ್ ಪ್ರೆಸ್ ಇದೆ. ಲಗ್ನಪತ್ರಿಕೆ, ಬಿಲ್ ಬುಕ್, ಕುರುಕ್ಷೇತ್ರ ನಾಟಕದ ಕರಪತ್ರ, ಇಷ್ಟೇ ವ್ಯಾಪಾರ. 'ಚಿತ್ರ ಬರೆಯೋರು ಏನು ದುಡೀತಾರೆ ಅಂತ ನಿಂಗೇ ಗೊತ್ತಿರ್ತದಲ್ಲಪ್ಪ. ಕರ್ಕಂಡೋಗಿ ಕಾಲೇಜು ನೋಡ್ಕಂಡ್ ಬಾ. ನೀನು ಸರಿ ಅಂದ್ರೆ ಸರಿ' ಅಂದರು ಭಾವ. ಭಾರ ಇಳಿಸುವುದರಲ್ಲಿ ಅವರು ಎತ್ತಿದ ಕೈ.

ಪುಟ್ಟಿ ಫೋನಿನಲ್ಲಿ ಆಗಲೇ ಎಲ್ಲಾ ಜಾಲಾಡಿದ್ದಳು. ಡಿಸೈನ್ ಕಲಿಸುವ ಅಹಮದಾಬಾದಿನ ಎನ್‌ಐಡಿ, ಐಐಟಿಗಳ ಡಿಸೈನ್ ಕೋರ್ಸು, ಅದಕ್ಕೆ ಬರೆಯಬೇಕಾದ ಯೂಸೀಡ್ ಪರೀಕ್ಷೆ. ಇವಕ್ಕೆ ಪಿಯುಸಿಯಲ್ಲಿ ಯಾವ ವಿಷಯ ಓದಿದ್ದರೂ ಆಗುತ್ತದೆ. ಆದರೆ ಪರೀಕ್ಷೆಗಳು ಚಳಿಗಾಲದಲ್ಲೇ ನಡೆದು ಹೋಗಿರುತ್ತವೆ, ಅರ್ಜಿ ಅದಕ್ಕೂ ಮೊದಲೇ ಹಾಕಿರಬೇಕು. ಪಿಯುಸಿ ಫಲಿತಾಂಶ ಬಂದಮೇಲೆ ಎದ್ದು ಹೊರಟರೆ ಆ ವರ್ಷ ಕೈ ಬಿಟ್ಟ ಹಾಗೆಯೇ. ನಮ್ಮ ಕಡೆ ಎಷ್ಟು ಮಕ್ಕಳಿಗೆ ಇದು ಸಮಯಕ್ಕೆ ಸರಿಯಾಗಿ ಗೊತ್ತಾಗುತ್ತದೋ ಏನೋ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಕಾಲೇಜಿನ ಮಾತೂ ಬಂತು. ಒಳ್ಳೆ ಕಾಲೇಜೇ. ಆದರೆ ಬೆಂಗಳೂರಿನ ಬಾಡಿಗೆ ಅಂದ ಕೂಡಲೇ ಅಕ್ಕ ಒಳಗೆದ್ದು ಹೋದಳು. ಹಾಗಾಗಿ ಮೊದಲು ಮೈಸೂರು.

ಗುರುವಾರ

ನಾನು ಮಂಡ್ಯದಲ್ಲಿ ರೈಲು ಹತ್ತಿದೆ, ಅವಳು ಪಾಂಡವಪುರದಲ್ಲಿ. ಹೆಗಲಿಗೆ ಬ್ಯಾಗು, ಕಂಕುಳಲ್ಲಿ ದೊಡ್ಡದೊಂದು ರಟ್ಟಿನ ಫೋಲ್ಡರು. ರೈಲಿನಲ್ಲಿ ಅದನ್ನು ಎಲ್ಲಿ ಇಡುವುದು ಅನ್ನೋದೇ ಒಂದು ರಾಮಾಯಣ. ಕಾಲ ಹತ್ತಿರ ಇಟ್ಟರೆ ತುಳಿಯುತ್ತಾರೆ, ಮೇಲೆ ಇಟ್ಟರೆ ಯಾರೋ ಅದರ ಮೇಲೆ ಕೋಸಿನ ಚೀಲ ಒಗೆಯುತ್ತಾರೆ.

ನೇರ ಮೈಸೂರಿಗೆ ಹೋಗದೆ ಶ್ರೀರಂಗಪಟ್ಟಣದಲ್ಲಿ ಇಳಿಸಿದೆ. 'ಯಾಕೆ ಮಾವ?' ಅಂದಳು. ದರಿಯಾ ದೌಲತ್ ತೋರಿಸಬೇಕಿತ್ತು. ಸ್ಕೂಲ್ ಟ್ರಿಪ್ಪಿನಲ್ಲಿ ನೋಡಿದ್ದಳಂತೆ, ಆದರೆ ಅವಳಿಗೆ ನೆನಪಿದ್ದಿದ್ದು ತೋಟದ ಹುಲ್ಲು ಮತ್ತು ಹೊರಗೆ ಮಾರುವ ಸೌತೆಕಾಯಿ ಮಾತ್ರ.

1784ರಲ್ಲಿ ಟಿಪ್ಪು ಕಟ್ಟಿಸಿದ ಬೇಸಿಗೆ ಅರಮನೆ ಅದು. ಬಿಸಿಲಿಗೆ ಬಣ್ಣ ಹಾಳಾಗದಿರಲಿ ಅಂತ ಸುತ್ತ ಪರದೆ ಇಳಿಬಿಟ್ಟಿದ್ದಾರೆ, ಹೊರಗಿನಿಂದ ನೋಡಿದರೆ ಏನೂ ಕಾಣುವುದಿಲ್ಲ. ಒಳಗೆ ಹೋದರೆ ಗೋಡೆ ತುಂಬ ಯುದ್ಧ. 1780ರಲ್ಲಿ ಕಂಚಿ ಹತ್ತಿರ ಪೊಲ್ಲಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಇಂಗ್ಲಿಷರನ್ನು ಸೋಲಿಸಿದ ಕಾಳಗ. ನಡುವೆ ಕೆಂಪು ಕೋಟಿನ ಸಿಪಾಯಿಗಳು ಚೌಕಾಕಾರವಾಗಿ ನಿಂತಿದ್ದಾರೆ. ಆ ಚೌಕದೊಳಗೆ ಮದ್ದಿನ ಗಾಡಿ ಸಿಡಿಯುತ್ತಿದೆ. ಅವರ ಕರ್ನಲ್ ಬೈಲಿ ಪಲ್ಲಕ್ಕಿಯಲ್ಲಿ ಕೂತು ಬೆರಳು ಕಚ್ಚಿಕೊಳ್ಳುತ್ತಿದ್ದಾನೆ. ಇಷ್ಟೆಲ್ಲಾ ರಣರಂಗದ ಪಕ್ಕದಲ್ಲಿ ಟಿಪ್ಪು ಆರಾಮಾಗಿ ಗುಲಾಬಿ ಹೂವು ಮೂಸುತ್ತಿದ್ದಾನೆ.

ಪುಟ್ಟಿ ಬೈಲಿಯ ಮುಂದೆ ನಿಂತವಳು ಕದಲಲಿಲ್ಲ. ಸ್ಕೆಚ್ ಪುಸ್ತಕ ತೆಗೆದು ಆ ಕೈಯೊಂದನ್ನೇ ಬರೆದುಕೊಂಡಳು. ಬಾಯಿಗೆ ಹೋಗಿರುವ ಬೆರಳು, ಮಡಿಸಿದ ಉಳಿದ ಬೆರಳು, ತೋಳಿನ ಬಟ್ಟೆಯ ಸುಕ್ಕು. 'ಸೋತ ಅಂತ ಎಲ್ಲೂ ಬರೆದಿಲ್ಲ ಮಾವ, ಈ ಕೈ ನೋಡಿದ್ರೆ ಸಾಕು' ಅಂದಳು. ಪಕ್ಕದಲ್ಲಿ ಒಬ್ಬ ಗೈಡ್ ನಿಜಾಮನ ಕಥೆ ಹೇಳುತ್ತಿದ್ದ. ಯುದ್ಧ ಮುಗಿದ ಮೇಲೆ ಸಹಾಯಕ್ಕೆ ಬಂದ ನಿಜಾಮನ ಹತ್ತಿರ ಒಂದು ಹಸು, ಒಂದು ಹಂದಿ ಬರೆದಿದ್ದಾರೆ. ಹಸುವಿನ ಹಾಗೆ ಬಂದ, ಹಂದಿಯ ಹಾಗೆ ಓಡಿದ ಅಂತ ಅದರ ಅರ್ಥವಂತೆ. ಇದು ಕಾರ್ಟೂನ್ ಅಲ್ಲದೆ ಮತ್ತೇನು!

1799ರಲ್ಲಿ ಪಟ್ಟಣ ಬಿದ್ದ ಮೇಲೆ ಇಲ್ಲಿ ಇಳಿದುಕೊಂಡಿದ್ದ ಇಂಗ್ಲಿಷರ ಸೇನಾಧಿಕಾರಿ ವೆಲ್ಲೆಸ್ಲಿ ಈ ಚಿತ್ರಗಳನ್ನು ಸರಿ ಮಾಡಿಸಿದ. ಮತ್ತೆ ಗವರ್ನರ್ ಜನರಲ್ ಡಾಲ್‌ಹೌಸಿ ಕಾಲದಲ್ಲಿ ಇನ್ನೊಮ್ಮೆ ಬರೆಸಿದರು. ತಾವು ಸೋತ ಯುದ್ಧದ ಚಿತ್ರಕ್ಕೆ ತಾವೇ ದುಡ್ಡು ಕೊಟ್ಟು ಬಣ್ಣ ಹಾಕಿಸಿದರಲ್ಲ ಅಂತ ನನಗೆ ನಗು ಬಂತು.

ನಾನು ಅವಳನ್ನು ಅಲ್ಲಿ ಇಳಿಸಿದ್ದಕ್ಕೆ ಒಂದು ಕಾರಣ ಇತ್ತು. ಚೆಂದದ ಚಿತ್ರ ಬರೆಯುವುದು ಒಂದು ಕೆಲಸ. ಕಥೆ ಹೇಳುವ ಚಿತ್ರ ಬರೆಯುವುದು ಇನ್ನೊಂದು. ಕಾಲೇಜು ನೋಡುವಾಗ ಇವೆರಡರಲ್ಲಿ ಯಾವುದನ್ನು ಕಲಿಸುತ್ತಾರೆ ಅಂತ ಕೇಳಬೇಕು, ಕಟ್ಟಡ ಎಷ್ಟು ಮಹಡಿ ಅಂತ ಅಲ್ಲ. ಇದನ್ನು ಬಾಯಲ್ಲಿ ಹೇಳಿದ್ದರೆ ಭಾಷಣ ಆಗುತ್ತಿತ್ತು.

ಮಧ್ಯಾಹ್ನ ಬಸ್ಸು ಹಿಡಿದು ಮೈಸೂರು. ಕುವೆಂಪುನಗರದಲ್ಲಿ ನಮ್ಮ ಚಿಕ್ಕಮ್ಮನ ಮನೆ. ಮೊಸರನ್ನ, ಮಾವಿನಕಾಯಿ ಉಪ್ಪಿನಕಾಯಿ, ಜೊತೆಗೆ ಉಪದೇಶ.

ಶುಕ್ರವಾರ

ಬೆಳಿಗ್ಗೆ ಸಿದ್ಧಾರ್ಥನಗರದ ಕಾವಾಗೆ ಹೋದೆವು. ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ ಅಂತ ಪೂರ್ತಿ ಹೆಸರು ಹೇಳಿದರೆ ಆಟೋದವರು ಒಂದು ಕ್ಷಣ ಯೋಚಿಸುತ್ತಾರೆ. 'ಕಾವಾ' ಅಂದರೆ ಹತ್ತಿ ಅನ್ನುತ್ತಾರೆ.

ಈ ಕಾಲೇಜಿನ ಬೇರು ಹಳೆಯದು. ಸಯ್ಯಾಜಿರಾವ್ ರಸ್ತೆಯಲ್ಲಿ ಕಾವೇರಿ ಎಂಪೋರಿಯಂ ಇರುವ ಕಟ್ಟಡ ಇದೆಯಲ್ಲ, ಅದು ಚಾಮರಾಜೇಂದ್ರ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್ ಇದ್ದ ಜಾಗ. 1906ರಲ್ಲಿ, ಮುಂದೆ ಐದನೇ ಜಾರ್ಜ್ ದೊರೆಯಾದ ಇಂಗ್ಲೆಂಡಿನ ಯುವರಾಜ ಬಂದು ಅಡಿಗಲ್ಲು ಇಟ್ಟ. ಬೀಟೆ ಮರದ ಕೆತ್ತನೆ, ಇನ್‌ಲೇ ಕೆಲಸ, ಚಿತ್ರ, ಎಲ್ಲಾ ಅಲ್ಲಿ ಕಲಿಸುತ್ತಿದ್ದರು. 1980ರ ದಶಕದಲ್ಲಿ ಅದು ಹೊಸ ರೂಪ ಪಡೆದು ಕಾವಾ ಆಯಿತು. ಹೇಗಿರಬೇಕು ಅಂತ ಸಲಹೆ ಕೊಟ್ಟವರು ಚಿತ್ರಕಾರ ಸ್ವೆತೋಸ್ಲಾವ್ ರೋರಿಕ್. ಈಗ ಮೈಸೂರು ವಿಶ್ವವಿದ್ಯಾಲಯದ ಪದವಿ ಸಿಗುತ್ತದೆ, ಬಿಎಫ್ಎ, ಅಂದರೆ ಲಲಿತಕಲೆಯ ಪದವಿ.

ಒಳಗೆ ಮರಗಳ ನೆರಳಲ್ಲಿ ಅಲ್ಲಲ್ಲಿ ಶಿಲ್ಪಗಳು. ಅರ್ಧ ಕೆತ್ತಿ ಬಿಟ್ಟ ಕಲ್ಲುಗಳೂ ಇದ್ದವು. ಒಂದರ ಮೇಲೆ ಯಾರೋ ಟಿಫನ್ ಡಬ್ಬಿ ಒಣಗಲು ಇಟ್ಟಿದ್ದರು. ಪುಟ್ಟಿಗೆ ಅಲ್ಲೇ ಅರ್ಧ ಮನಸ್ಸು ಕೂತುಬಿಟ್ಟಿತು ಅನ್ನಿಸುತ್ತದೆ.

ವಿಭಾಗಗಳು ಇವು: ಪೇಂಟಿಂಗ್, ಶಿಲ್ಪಕಲೆ, ಗ್ರಾಫಿಕ್ಸ್, ಅನ್ವಯಿಕ ಕಲೆ, ಛಾಯಾಚಿತ್ರ, ಕಲಾ ಇತಿಹಾಸ. ಕಥೆಗೆ ಚಿತ್ರ ಬರೆಯುವುದಕ್ಕೆ ಅಂತಲೇ ಬೇರೆ ವಿಭಾಗ ಇಲ್ಲ. ನಮ್ಮ ಕಡೆಯ ಬಿಎಫ್ಎ ಕಾಲೇಜುಗಳಲ್ಲಿ ಅದು ಸಾಮಾನ್ಯವಾಗಿ ಅನ್ವಯಿಕ ಕಲೆಯೊಳಗೆ ಬರುತ್ತದೆ. ಪೋಸ್ಟರು, ಜಾಹೀರಾತು, ಪುಸ್ತಕದ ಮುಖಪುಟ, ಅಕ್ಷರ ವಿನ್ಯಾಸದ ಜೊತೆಗೆ ಇದೂ ಒಂದು. ಮೊದಲು ಎಲ್ಲರಿಗೂ ಒಂದೇ ಬುನಾದಿ ಪಾಠ, ವಿಭಾಗ ಆಮೇಲೆ.

ಪುಟ್ಟಿ ಗ್ರಾಫಿಕ್ಸ್ ವಿಭಾಗದಲ್ಲಿ ಕಂಪ್ಯೂಟರ್ ಹುಡುಕಿದಳು. ಇದ್ದಿದ್ದು ದೊಡ್ಡ ಚಕ್ರದ ಒಂದು ಅಚ್ಚಿನ ಯಂತ್ರ. ಮೂರನೇ ವರ್ಷದ ಹುಡುಗ ಒಬ್ಬ ಅಚ್ಚು ತೆಗೆಯಲು ಸಿದ್ಧ ಮಾಡಿಕೊಳ್ಳುತ್ತಿದ್ದ. ನಾನು ಅಲ್ಲೇ ನಿಂತುಬಿಟ್ಟೆ.

ಅಂಗೈ ಅಗಲದ ಸತುವಿನ ತಗಡು. ಅದರ ಮೇಲೆ ಮೇಣದಂಥ ಪದರ ಬಳಿದು, ಸೂಜಿಯಲ್ಲಿ ಗೀರಿ ಚಿತ್ರ ಬರೆದು, ಆಸಿಡ್‌ನಲ್ಲಿ ಅದ್ದಿದ್ದ. ಗೀರಿದ ಕಡೆ ಮಾತ್ರ ಆಸಿಡ್ ತಿಂದು ಹಳ್ಳ ಆಗಿರುತ್ತದೆ. ಈಗ ತಗಡಿಗೆಲ್ಲಾ ಕಪ್ಪು ಶಾಯಿ ಮೆತ್ತಿ, ಬಟ್ಟೆಯಲ್ಲಿ ಒರೆಸತೊಡಗಿದ. ಮೇಲಿನದೆಲ್ಲಾ ಹೋಗಬೇಕು, ಹಳ್ಳದಲ್ಲಿರೋದು ಉಳೀಬೇಕು. ಕೊನೆಗೆ ಅಂಗೈಯನ್ನೇ ಹಗುರವಾಗಿ ಆಡಿಸಿ ಒರೆಸಿದ. ನೆನೆಸಿಟ್ಟ ಕಾಗದವನ್ನು ತಗಡಿನ ಮೇಲೆ ಹಾಸಿ, ಮೇಲೆ ಕಂಬಳಿ ಹೊದಿಸಿ, ಚಕ್ರ ತಿರುಗಿಸಿದ. ಕಾಗದ ಎತ್ತಿದಾಗ ದೇವರಾಜ ಮಾರುಕಟ್ಟೆಯ ಹೂವಿನ ಸಾಲು, ಬಾಳೆಗೊನೆ, ಕೂತ ಹೆಂಗಸಿನ ಬೆನ್ನು. ಅಂಗಡಿಯ ಬೋರ್ಡಿನ ಅಕ್ಷರ ಸರಿಯಾಗಿ ಬಂದಿತ್ತು. ಅಂದರೆ ತಗಡಿನಲ್ಲಿ ಉಲ್ಟಾ ಬರೆದಿದ್ದ.

ನಾನು ಕೆಲಸ ಕಲಿತಿದ್ದು ಟ್ರೆಡಲ್ ಮೆಷಿನ್ ಮೇಲೆ. ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲ. ಚಿತ್ರ ಬೇಕಾದರೆ ಬ್ಲಾಕ್ ಮಾಡಿಸಬೇಕಿತ್ತು. ನಮ್ಮ ಪ್ರೆಸ್ಸಿನಲ್ಲಿ ಒಂದು ಗಣಪತಿ ಬ್ಲಾಕ್ ಇತ್ತು, ಸೊಂಡಿಲ ತುದಿ ಸವೆದು ಹೋಗಿತ್ತು. ಮಂಡ್ಯದ ಎಷ್ಟೋ ಮದುವೆಗಳು ಆ ಮೊಂಡು ಸೊಂಡಿಲಿನ ಗಣಪತಿಯ ಕೆಳಗೇ ನಡೆದಿವೆ. ಅಲ್ಲಿ ಉಬ್ಬಿದ ಭಾಗ ಶಾಯಿ ಹಿಡಿಯುತ್ತದೆ, ಇಲ್ಲಿ ತಗ್ಗಿದ ಭಾಗ ಹಿಡಿಯುತ್ತದೆ. ಆ ಹುಡುಗನ ಹತ್ತಿರ ಇದನ್ನೇ ಮಾತಾಡುತ್ತಾ ನಿಂತಿದ್ದರೆ ಪುಟ್ಟಿ ನನ್ನ ಅಂಗಿ ಹಿಡಿದು ಎಳೆದಳು. 'ಮಾವ, ಸೇರೋದು ನಾನು.'

ಅನ್ವಯಿಕ ಕಲೆಯ ಮೇಷ್ಟ್ರೊಬ್ಬರು ಬಿಡುವಾಗಿದ್ದರು. ಫೋಲ್ಡರ್ ಬಿಚ್ಚಿ ನೋಡಿದರು. ಮೇಲಿದ್ದ ಸಿನಿಮಾ ನಟರ ಪೆನ್ಸಿಲ್ ಚಿತ್ರಗಳನ್ನು ಮಾತಿಲ್ಲದೆ ಪಕ್ಕಕ್ಕೆ ಇಟ್ಟರು. 'ಫೋಟೋ ನೋಡಿ ಬರೆದದ್ದಲ್ವಾ?' ಅಂದರು. ಹೌದು ಅಂದಳು. ಅದರ ಕೆಳಗೆ ಅವಳ ಆಲೆಮನೆ ಕಥೆ ಇತ್ತು. ಅಜ್ಜಿಯೊಬ್ಬಳು ಮೊಮ್ಮಗನನ್ನು ಕರೆದುಕೊಂಡು ಬಿಸಿ ಬೆಲ್ಲ ತಿನ್ನಲು ಹೋಗುವುದು. ಗಾಣ, ಕೊಪ್ಪರಿಗೆ, ಉರಿ, ಕಬ್ಬಿನ ಸಿಪ್ಪೆಯ ರಾಶಿ, ಎಲ್ಲಾ ಅವರ ಊರಿನದೇ. ಮೇಷ್ಟ್ರು ಒಂದೊಂದೇ ಹಾಳೆ ಮಗುಚಿದರು. ಆಮೇಲೆ ಎಲ್ಲಾ ಹಾಳೆಗಳನ್ನೂ ಮೇಜಿನ ಮೇಲೆ ಸಾಲಾಗಿ ಹರಡಿದರು.

'ಇಲ್ಲಿ ನೋಡಮ್ಮ. ಇಲ್ಲಿರೋ ಅಜ್ಜಿ ಬೇರೆ, ಅಲ್ಲಿರೋ ಅಜ್ಜಿ ಬೇರೆ. ಇವರ ಮೂಗು ಮೊಂಡು, ಅವರದು ಚೂಪು. ಮಗುಗೆ ಕಥೆ ಓದ್ತಾ ಹಾಳೆ ತಿರುಗಿಸಿದ್ರೆ ಈ ಅಜ್ಜಿ ಯಾರು ಅಂತ ಕೇಳುತ್ತೆ.'

ಪುಟ್ಟಿ ಬಗ್ಗಿ ನೋಡಿದಳು. ಕಿವಿ ಕೆಂಪಾಯಿತು.

'ಆದ್ರೆ ಕೊಪ್ಪರಿಗೆ ಹತ್ರ ನಿಂತಿರೋ ಈ ಆಳು ಚೆನ್ನಾಗಿದಾನೆ. ಶಾಖಕ್ಕೆ ಮುಖ ತಿರುಗಿಸಿದಾನೆ. ಇದು ಕಣ್ಣಾರೆ ನೋಡಿ ಬರೆದದ್ದು' ಅಂದರು. ಹೌದು, ಅದು ಭಾವ.

ಪ್ರವೇಶಕ್ಕೆ ಮುಂಚೆ ಚಿತ್ರದ ಪರೀಕ್ಷೆ ಇರುತ್ತದೆ, ಫೋನ್ ನೋಡಿ ಬರೆಯುವುದು ಅಲ್ಲಿ ನಡೆಯಲ್ಲ, ಎದುರಿಗಿರುವ ವಸ್ತು ನೋಡಿ ಬರಿ, ಬಸ್‌ಸ್ಟ್ಯಾಂಡಿಗೆ ಹೋಗಿ ಜನರನ್ನು ಬರಿ ಅಂದರು. ನಾನು ಭಾವನ ಪರವಾಗಿ ಹೊಟ್ಟೆಪಾಡಿನ ಪ್ರಶ್ನೆ ಕೇಳಿದೆ. ಈಗ ನಮ್ಮ ಪ್ರೆಸ್ಸಿಗೇ ಜನ ಎಐನಲ್ಲಿ ಮಾಡಿದ ಚಿತ್ರ ಫೋನಿನಲ್ಲಿ ತಂದು 'ಇದನ್ನೇ ಹಾಕಿ' ಅನ್ನುತ್ತಾರೆ, ಮುಂದೆ ಹೇಗೆ ಅಂದೆ. ಮೇಷ್ಟ್ರು ನಕ್ಕರು. ಪಠ್ಯಪುಸ್ತಕ, ಮಕ್ಕಳ ಪುಸ್ತಕ, ಅನಿಮೇಷನ್, ಜಾಹೀರಾತು, ಶಾಲೆಯಲ್ಲಿ ಚಿತ್ರಕಲಾ ಶಿಕ್ಷಕರ ಕೆಲಸ, ಹೀಗೆ ಹೇಳಿದರು. ಎಐ ಬಗ್ಗೆ ಮಾತ್ರ ಏನೂ ಹೇಳಲಿಲ್ಲ. ಗೊತ್ತಿಲ್ಲದ್ದಕ್ಕೆ ಭರವಸೆ ಕೊಡಲಿಲ್ಲವಲ್ಲ, ಅಷ್ಟರಮಟ್ಟಿಗೆ ನನಗೆ ಆ ಮನುಷ್ಯ ಹಿಡಿಸಿದರು.

ಶನಿವಾರ

ಚಿಕ್ಕಮ್ಮನ ಮಗ ಹೇಳಿದ್ದ ಖಾಸಗಿ ಡಿಸೈನ್ ಸಂಸ್ಥೆಯೊಂದಕ್ಕೆ ಹೋದೆವು. ಹೆಸರು ಬೇಡ. ಗಾಜಿನ ಬಾಗಿಲು, ಎಸಿ, ಸೋಫಾ, ಕಾಫಿ. ಮಾತಾಡಿಸಿದ ಹುಡುಗಿ ತುಂಬಾ ವಿನಯವಾಗಿದ್ದಳು, ಆದರೆ ಫೋಲ್ಡರನ್ನು ತೆರೆಯಲೇ ಇಲ್ಲ. ಅವಳು ತೆರೆದದ್ದು ಫೀಸಿನ ಹಾಳೆ. ಗೋಡೆ ಮೇಲಿದ್ದ ಚಿತ್ರಗಳು ನಿಮ್ಮ ವಿದ್ಯಾರ್ಥಿಗಳದಾ ಅಂದೆ. 'ಇನ್‌ಸ್ಪಿರೇಷನ್‌ಗೆ ಹಾಕಿದೀವಿ ಸರ್' ಅಂದಳು. ಪ್ರಿಂಟು ಮಾತ್ರ ಚೆನ್ನಾಗಿತ್ತು, ಒಳ್ಳೆ ಪೇಪರ್. ಪದವಿ ಯಾವ ವಿಶ್ವವಿದ್ಯಾಲಯದ್ದು ಅಂತ ಕೇಳಿದ್ದಕ್ಕೆ ಬಂದ ಉತ್ತರ ಉದ್ದ ಇತ್ತು, ಅದರಲ್ಲಿ ಯಾವ ವಿಶ್ವವಿದ್ಯಾಲಯದ ಹೆಸರೂ ಇರಲಿಲ್ಲ. ಮಕ್ಕಳನ್ನು ಕರೆದುಕೊಂಡು ಹೋಗುವವರು ಇದೊಂದನ್ನು ಕೇಳಿಯೇ ಕೇಳಿ. ಡಿಪ್ಲೊಮಾನಾ, ಪದವಿನಾ, ಯಾರು ಕೊಡೋದು?

ಹೊರಗೆ ಬಂದು ಎಳನೀರು ಕುಡಿದೆವು. ಊರಿನಲ್ಲಿ ಬೇರೆ ಚಿತ್ರಕಲಾ ಶಾಲೆಗಳೂ ಇವೆ, ಅವುಗಳ ವಿಚಾರ ಫೋನಿನಲ್ಲೇ ಮುಗಿಯಿತು.

ಮಧ್ಯಾಹ್ನದ ಮೇಲೆ ಜಗನ್ಮೋಹನ ಅರಮನೆ. 1861ರ ಕಟ್ಟಡ, 1915ರಿಂದ ಚಿತ್ರಶಾಲೆ. ಎಲ್ಲರೂ ನೋಡಲು ಬರುವುದು ದೀಪ ಹಿಡಿದ ಹೆಂಗಸನ್ನು. ಅದು ರವಿವರ್ಮನದು ಅಂತ ಪಕ್ಕದಲ್ಲಿದ್ದವರು ಮಕ್ಕಳಿಗೆ ಹೇಳುತ್ತಿದ್ದರು. ಅಲ್ಲ, ಎಸ್.ಎಲ್. ಹಲ್ದಣಕರ್ ಅವರದು. ನಿಂತಿರುವವರು ಅವರ ಮಗಳು, ಬರೆದಿದ್ದು ಜಲವರ್ಣದಲ್ಲಿ. ಬೆರಳ ಸಂದಿಯಲ್ಲಿ ಬೆಳಕು ಕೆಂಪಗೆ ಕಾಣುವುದು ಎಣ್ಣೆ ಬಣ್ಣ ಅಲ್ಲ ಅಂದರೆ ನಂಬುವುದು ಕಷ್ಟ.

ರವಿವರ್ಮನ ಚಿತ್ರಗಳೂ ಅಲ್ಲಿವೆ. ನನಗೆ ಆತ ದೊಡ್ಡವನಾಗಿ ಕಾಣುವುದು ಇನ್ನೊಂದು ಕಾರಣಕ್ಕೆ. 1894ರಲ್ಲಿ ಬೊಂಬಾಯಿಯಲ್ಲಿ ಲಿಥೋ ಪ್ರೆಸ್, ಅಂದರೆ ಕಲ್ಲಚ್ಚಿನ ಪ್ರೆಸ್ ಹಾಕಿದ. ಅಲ್ಲಿ ಅಚ್ಚಾದ ಲಕ್ಷ್ಮಿ ಸರಸ್ವತಿಯರು ಮನೆಮನೆಯ ದೇವರ ಗೂಡಿಗೆ ಹೋದರು. ಅರಮನೆಯ ಚಿತ್ರ ನಮ್ಮ ಅಜ್ಜಿಯ ಮನೆಗೆ ಬಂದದ್ದು ಪ್ರೆಸ್ಸಿನ ದೆಸೆಯಿಂದ. ಪ್ರೆಸ್ಸಿನಲ್ಲಿ ದುಡ್ಡು ಕಳೆದುಕೊಂಡ ಅನ್ನೋದೂ ನಿಜ. ಅದು ನಮ್ಮ ಕಸುಬಿನ ಸಂಪ್ರದಾಯ.

ಪುಟ್ಟಿಗೆ ಮಾತ್ರ ಅಲ್ಲಿ ಬೇಗ ಸಾಕಾಯಿತು. 'ಇವೆಲ್ಲಾ ಗೋಡೆಗೆ ಹಾಕೋಕೆ ಮಾವ. ನಂಗೆ ಕೈಯಲ್ಲಿ ಹಿಡಿಯೋದು ಬೇಕು' ಅಂದಳು. ಪೇಂಟಿಂಗ್ ವಿಭಾಗದ ಯೋಚನೆ ಅಲ್ಲಿಗೆ ಮುಗಿಯಿತು. ಕೈಯಲ್ಲಿ ಹಿಡಿಯುವಂಥದ್ದು ಮೈಸೂರಿಗೆ ಹೊಸದೇನಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ಗಂಜೀಫಾ ಅನ್ನೋ ಇಸ್ಪೀಟಿನಂಥ ಎಲೆಗಳಲ್ಲಿ ಎಷ್ಟೋ ಹೊಸ ಆಟಗಳನ್ನು ಮಾಡಿಸಿದವರು. ಅಂಗೈಯಲ್ಲಿ ಹಿಡಿಯುವ ದುಂಡನೆ ಎಲೆ, ಅದರೊಳಗೆ ಒಂದು ಇಡೀ ದೇವರು. ಶ್ರೀತತ್ತ್ವನಿಧಿ ಅನ್ನೋ ಸಚಿತ್ರ ಗ್ರಂಥವೂ ಅವರ ಕಾಲದ್ದೇ. ಯಾವ ದೇವರಿಗೆ ಎಷ್ಟು ಕೈ, ಯಾವ ಬಣ್ಣ, ಏನು ವಾಹನ ಅಂತ ಮಾತಿನ ಜೊತೆಗೆ ಚಿತ್ರ. ಇದನ್ನೆಲ್ಲಾ ಹೇಳುತ್ತಾ ನಡೆದರೆ ಅವಳು ಮುಂದೆ ಮುಂದೆ ಹೋಗುತ್ತಿದ್ದಳು, ಹಸಿವಾಗಿತ್ತು ಪಾಪ. ಮಸಾಲೆ ದೋಸೆ ತಿಂದ ಮೇಲೆ ಸರಿಹೋದಳು.

ಭಾನುವಾರ

ಬೆಳಿಗ್ಗೆ ಯಾದವಗಿರಿಯಲ್ಲಿ ಆರ್.ಕೆ. ನಾರಾಯಣ್ ಅವರ ಮನೆ. ಈಗ ಮ್ಯೂಸಿಯಂ ಆಗಿದೆ. ನನಗೆ ಬೇಕಾಗಿದ್ದು ಅವರ ತಮ್ಮನ ಕಥೆ. ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ ಹುಟ್ಟಿದ್ದು ಮೈಸೂರಿನಲ್ಲಿ, 1921ರಲ್ಲಿ. ಬೊಂಬಾಯಿಯ ಜೆಜೆ ಕಲಾಶಾಲೆಗೆ ಅರ್ಜಿ ಹಾಕಿದರು. ನಿಮ್ಮ ಚಿತ್ರಗಳಲ್ಲಿ ಇಲ್ಲಿಗೆ ಸೇರುವಷ್ಟು ಪ್ರತಿಭೆ ಇಲ್ಲ ಅಂತ ಅವರು ವಾಪಸ್ ಕಳಿಸಿದರು. ಇವರು ಮೈಸೂರಿನಲ್ಲೇ ಬಿಎ ಮಾಡಿದರು. ಅಣ್ಣನ ಕಥೆಗಳಿಗೆ ಪತ್ರಿಕೆಯಲ್ಲಿ ಚಿತ್ರ ಬರೆದರು, ಕನ್ನಡದ ಹಾಸ್ಯ ಪತ್ರಿಕೆ ಕೊರವಂಜಿಗೆ ಬರೆದರು. ಮುಂದಿನದು ಎಲ್ಲರಿಗೂ ಗೊತ್ತು.

ಇದನ್ನು ಹೇಳಿದ್ದು ಸೀಟು ಸಿಗದಿದ್ದರೆ ಎದೆಗುಂದಬಾರದು ಅಂತ. ಪುಟ್ಟಿ ಅದನ್ನು ಬೇರೆ ಕಡೆ ತಿರುಗಿಸಿದಳು. 'ಹಂಗಾದ್ರೆ ಕಾಲೇಜೇ ಬೇಡ್ವಾ? ಅಪ್ಪಂಗೆ ಇದೊಂದು ಹೇಳ್ಬೇಡಿ ಮಾವ, ಅಗ್ರಿಗೇ ಹಾಕ್ಬಿಡ್ತಾರೆ.' ಲಕ್ಷ್ಮಣ್ ಊರಿನ ಬೀದಿ ಬೀದಿ ಸುತ್ತಿ ಕಂಡದ್ದೆಲ್ಲಾ ಬರೆದು ಕೈ ಪಳಗಿಸಿಕೊಂಡವರು. ಒಬ್ಬಳೇ ಕೂತು ಅಷ್ಟು ಬರೆಯುವ ಶಿಸ್ತು ತನಗಿಲ್ಲ, ಜೊತೆಯಲ್ಲಿ ಬರೆಯುವವರು ಬೇಕು, ಮೂಗು ಬದಲಾಯಿತು ಅಂತ ಹೇಳುವವರು ಬೇಕು ಅಂದಳು. ಕಾಲೇಜು ಯಾಕೆ ಅನ್ನೋದಕ್ಕೆ ನಾನು ಇಷ್ಟು ಚೆನ್ನಾಗಿ ಹೇಳುತ್ತಿರಲಿಲ್ಲ.

ಆಮೇಲೆ ಅರಮನೆ. ಭಾನುವಾರದ ಜನ, ಚಪ್ಪಲಿ ಬಿಡಲು ಕ್ಯೂ. ನೂಕಿಕೊಂಡೇ ಕಲ್ಯಾಣಮಂಟಪಕ್ಕೆ ಹೋದೆವು. ಸುತ್ತಲ ಗೋಡೆಯಲ್ಲಿ ದಸರಾ ಮೆರವಣಿಗೆ ಒಂದು ಚಿತ್ರದಿಂದ ಇನ್ನೊಂದಕ್ಕೆ ಸಾಗುತ್ತದೆ. ಮೈಸೂರಿನ ಕಲಾವಿದರು ಆಗಿನ ಫೋಟೋಗಳನ್ನು ಇಟ್ಟುಕೊಂಡು ಬರೆದದ್ದು. ಪುಟ್ಟಿ ನನ್ನ ಕಡೆ ನೋಡಿದಳು. 'ಫೋಟೋ ನೋಡಿ ಬರೆದಿದಾರೆ!' ಹೌದು. ಆದರೆ ಎಷ್ಟೋ ಮುಖಗಳಲ್ಲಿ ಒಂದರ ಹಾಗೆ ಇನ್ನೊಂದಿಲ್ಲ. ಪೇಟ ಜಾರಿದವನು, ಆನೆ ನೋಡದೆ ಪಕ್ಕದವನ ಜೊತೆ ಮಾತಾಡುವವನು. ಅವಳು ಒಂದೇ ಮುಖ ಹಿಡಿದುಕೊಂಡು ಮುಂದಿನ ಚಿತ್ರಗಳಲ್ಲಿ ಮತ್ತೆ ಬರುತ್ತದಾ ಅಂತ ಹುಡುಕುತ್ತಾ ಹೋದಳು. ಸೆಕ್ಯುರಿಟಿಯವರು 'ನಡೀರಿ ನಡೀರಿ' ಅಂತ ತಳ್ಳುವವರೆಗೂ.

ಸಂಜೆ ಬಸ್ಸಿನಲ್ಲಿ ಪಾಂಡವಪುರದ ಕಡೆ. ದಾರಿಯಲ್ಲಿ ತೀರ್ಮಾನ ಮಾಡಿಕೊಂಡೆವು. ಕಾವಾಗೆ ಅರ್ಜಿ, ಆಮೇಲೆ ಅನ್ವಯಿಕ ಕಲೆ. ಗ್ರಾಫಿಕ್ಸಿನವರ ಹತ್ತಿರ ಹೋಗಿ ಅಚ್ಚು ಹಾಕುವುದನ್ನೂ ಕಲಿಯಬೇಕು ಅಂತ ನನ್ನ ಷರತ್ತು. ಚಿತ್ರಕಲಾ ಪರಿಷತ್ತಿಗೂ ಒಂದು ಅರ್ಜಿ ಇರಲಿ ಅಂದೆ. ಪರೀಕ್ಷೆವರೆಗೆ ಸಿನಿಮಾ ನಟರು ಬಂದ್, ಸಂತೆಯಲ್ಲಿ ಕೂತು ಬರೆಯುವುದು.

ಮನೆಯಲ್ಲಿ ಭಾವ ಜಗಲಿ ಮೇಲೆ ಕೂತಿದ್ದರು. ಎಲ್ಲಾ ಹೇಳಿದೆ. ಮೇಷ್ಟ್ರು ಮೆಚ್ಚಿದ ಚಿತ್ರದಲ್ಲಿರೋದು ನೀವೇ ಅಂತ ಹಾಳೆ ತೆಗೆದು ತೋರಿಸಿದೆ. ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

'ಹೊಟ್ಟೆ ಇಷ್ಟು ದಪ್ಪ ಐತಾ ನಂದು?'

'ಕಮ್ಮಿ ಮಾಡೇ ಬರ್ದಿವ್ನಿ ಅಪ್ಪ' ಅಂದಳು ಪುಟ್ಟಿ.

ಅಕ್ಕ ಒಳಗಿಂದ ನಕ್ಕಳು. ಭಾವ ಹಾಳೆ ವಾಪಸ್ ಕೊಡಲಿಲ್ಲ, ಮಡಿಲಲ್ಲೇ ಇಟ್ಟುಕೊಂಡರು. 'ಎಷ್ಟ್ ವರ್ಸ ಅಂದೆ?'

'ನಾಲ್ಕು.'

'ಅಗ್ರಿನೂ ನಾಕೇಯ' ಅಂದರು. ಸ್ವಲ್ಪ ಹೊತ್ತು ಬಿಟ್ಟು, 'ಮೈಸೂರ್‌ಗೆ ಇಲ್ಲಿಂದ್ಲೇ ರೈಲಲ್ಲಿ ಓಡಾಡಕ್ಕಾಯ್ತದಾ? ಪಾಸ್ ಎಷ್ಟಾಯ್ತದೆ, ನಾಳೆ ಟೇಸನ್‌ತಾವ ಕೇಳ್ಕಂಡ್ ಬತ್ತೀನಿ' ಅಂದರು. ಪುಟ್ಟಿ ಫೋನ್ ತೆಗೆದು ಬೆಳಗಿನ ರೈಲುಗಳ ಸಮಯ ಓದತೊಡಗಿದಳು.